ಬಚ್ಚಲದಾಗಿನ ಆಯೇರಿ

ಕಳದ ತಿಂಗಳು ನಾವು ನಮ್ಮ ಬೀಗರನ್ನ ಬಚ್ಚಲದಾಗ ಇಟ್ಟಿದ್ವಿ.

ಗಾಬರಿ ಆಗಬ್ಯಾಡ್ರಿ. ಮನುಷ್ಯಾರನ್ನಲ್ಲ, ಬೀಗರು ಕೊಟ್ಟ ಮೀನುಗಳನ್ನ. ಆದ್ರ ಆವಾಗ ನನಗ ಎರಡೂ ಒಂದ ಅನಿಸಿತ್ತು. ನೀವ ಹೇಳ್ರಿ, ಬೀಗರು ಕೊಟ್ಟ ಆಯೇರಿ ಅಂದ್ರ ಬೀಗರ ಮಾರಿ ಇದ್ದಂಗ ಅಲ್ಲೇನು? ಆ ಮಾರಿ ಒಯ್ದು ಯಾರರ ಬಚ್ಚಲದಾಗ ಇಡತಾರೇನು?

ತಡೀರಿ, ಮದಲಿಂದ ಹೇಳತೀನಿ.

ನನಗ ಮೊಮ್ಮಗ ಬಂದಾನ! (ಹೋದ ವಾರಾನೂ ಹೇಳಿದ್ದೆ. ಅದರ ಹಿಂದಿನ ವಾರಾನೂ ಹೇಳಿದ್ದೆ. ಇನ್ನೂ ಹೇಳತೀನಿ, ತಡಕೋರ್ರಿ.) ಸೊಸಿ ಸವಿತಾ ಬಾಣಂತನಕ್ಕ ತವರಿಗೆ ಹೋಗಿದ್ಲು. ತವರು ಅಂದ್ರ ಖಾನಾಪುರ ತಾಲೂಕಿನ ಬೀಡಿ. (ಊರಿನ ಹೆಸರ್ರಿ, ಸೇದೂದಲ್ಲ.) ಅಲ್ಲಿಂದ ಕೂಸಿನ್ನ ಎತ್ತಿಕೊಂಡು ಬೆಳಗಾವಿ ಖಾಸಬಾಗದ ನಮ್ಮ ಮನಿಗೆ ಬಂದ್ಲು. ಕೂಸು ಅಂದ್ರ ಎಂಥಾ ಕೂಸು! ಎರಡೂ ಗಲ್ಲ ಈಗಷ್ಟ ಹಂಚಿನ ಮ್ಯಾಲೆ ಉಬ್ಬಿದ ಚಪಾತಿ ಹಂಗ. ಆ ದಿನಾ ನಾನು ಎಷ್ಟು ಚಹಾ ಮಾಡಿದೆ, ಎಷ್ಟಕ್ಕ ಸಕ್ಕರಿ ಹಾಕಿದೆ, ಎಷ್ಟಕ್ಕ ಮರತೆ, ಆ ದೇವರಿಗೇ ಗೊತ್ತು.

ತವರವರು ಬರೇ ಕೈಲೆ ಬರಂಗಿಲ್ಲ. ತೊಟ್ಟಿಲು ತಂದ್ರು. ಬೆಳ್ಳಿ ಉಡದಾರ ತಂದ್ರು. ಕುಂಚಿಗಿ, ಕುಲಾಯಿ, ಬುಟ್ಟಿ ತುಂಬ ಅಂಟಿನ ಉಂಡಿ. ನಮ್ಮ ಕಡೆ ಪದ್ಧತಿ ನಿಮಗ ಗೊತ್ತ ಐತಿ. ಬೀಗರು ಕೊಟ್ಟ ಆಯೇರಿ ಪಡಸಾಲ್ಯಾಗ ಚಾಪಿ ಹಾಸಿ ಸಾಲಾಗಿ ಹಚ್ಚಿ ಇಡಬೇಕು. ಓಣಿ ಹೆಣ್ಮಕ್ಕಳು ಬಂದು ಒಂದೊಂದ ಎತ್ತಿ, ತಿರಿವಿ ನೋಡಿ, "ಭಾರಿ ಮಾಡ್ಯಾರ ಬಿಡ್ರಿ ನಿಮ್ಮ ಬೀಗರು" ಅನಬೇಕು. ಯಾವದರ ಒಂದು ಸಾಮಾನು ಒಳಗ ಉಳೀತಂದ್ರ ಮುಗೀತು, ಅದು ಇವರ ಮನಸ್ಸಿಗೆ ಬಂದಿಲ್ಲ ಅಂತ ಅರ್ಥ. ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ. ಎಲ್ಲಾರೂ ತಿಳಕೋತಾರ.

ಈ ಆಯೇರ್ಯಾಗ ಮೀನ ಎಲ್ಲಿಂದ ಬಂದ್ವು?

ನಮ್ಮ ಬೀಗತಿ ಶಾಂತಕ್ಕ ಭಾಳ ತಿಳದ ಹೆಣ್ಮಗಳು. ತಮ್ಮ ಹುಟ್ಟಿದ ಅಂತ ಅಕ್ಕನ ಮಾರಿ ಸಣ್ಣದಾಗಬಾರದು ಅಂತ, ದೊಡ್ಡ ಮೊಮ್ಮಗಳು ತನ್ವಿಗೂ ಒಂದು ಆಯೇರಿ ತಂದಿದ್ರು. ಖಾನಾಪುರದ ಪ್ಯಾಟ್ಯಾಗ ಆರಿಸಿ ಆರಿಸಿ ಕೊಂಡ ಗೋಲ್ಡ್ ಫಿಶ್. ಪ್ಲಾಸ್ಟಿಕ್ ಚೀಲದ ತುಂಬ ನೀರು, ನೀರಿನ್ಯಾಗ ಕೆಂಪು ಬಿಳೀ ಮೀನು. ಗಾಡ್ಯಾಗ ಬೆಳಗಾವಿತನಕ ಆ ಚೀಲಾನ ತೊಡಿ ಮ್ಯಾಲೆ ಹಿಡಕೊಂಡು ಬಂದಿದ್ರು. (ಕೂಸು ಇನ್ನೊಬ್ಬರ ತೊಡಿ ಮ್ಯಾಲಿತ್ತು!)

ತನ್ವಿ ಐದನೇತ್ತೆ ಓದತಾಳ. ನಾನು ನಾಲ್ಕನೇತ್ತೆ. ಅಂದ್ರ ನನಗಿಂತ ಒಂದು ಕ್ಲಾಸ್ ಮುಂದ ಹೋಗ್ಯಾಳ. ಪಡಸಾಲ್ಯಾಗ ಟೀವಿ ಬಾಜೂಕ ಆಕಿದೊಂದು ಮೀನಿನ ಟ್ಯಾಂಕ್ ಐತಿ. ಅದರಾಗ ಒಂದೆರಡು ಸಣ್ಣ ಮೀನು, ಮತ್ತ ದೊಡ್ಡಾಂವ ಒಬ್ಬ, ಅವನ ಹೆಸರು ಕುಂದಾ. ಬಣ್ಣಾ ಥೇಟ್ ನಮ್ಮ ಬೆಳಗಾವಿಯ ತಿನ್ನೂ ಸಿಹಿ ಕುಂದಾದ್ದು ಐತಿ ಅಂತ ಆ ಹೆಸರು. ಈಕಿ ಬಾಲವಾಡಿಗೆ ಹೋಗುವಾಗಿಂದ ಅಂವ ನಮ್ಮ ಮನ್ಯಾಗ ಅದಾನ. (ಲಿಂಗಾಯತರ ಮನ್ಯಾಗ ಮೀನೇನ್ರಿ ಅಂತ ಕೇಳಬ್ಯಾಡ್ರಿ. ನೋಡೂ ಮೀನು. ಬಾಜೂ ಮನಿ ವಂದನಾತಾಯಿ ಮರಾಠಿ ಮಂದಿ, ಯಾವಾಗಲೂ ಚ್ಯಾಷ್ಟಿ ಮಾಡತಾರ: "ನಾವು ಮೀನಿಗೆ ಖಾರಾ ಹಾಕತೀವಿ, ನೀವು ಹೆಸರು ಇಡತೀರಿ.")

ಅವ್ವ ಬೀಡಿಯೊಳಗ ಇದ್ದ ಅಷ್ಟೂ ತಿಂಗಳು ತನ್ವಿ ಸಾಲಿ ಸಲುವಾಗಿ ನನ್ನ ಹಂತೇಕನ ಉಳದಿದ್ಲು. ಸಾಲಿಯಿಂದ ಬಂದು ಚೀಲಾ ಒಗದು ಟ್ಯಾಂಕಿನ ಮುಂದ ಕುಂದರತಿದ್ಲು. ಸಾಲ್ಯಾಗ ಏನಾತು, ಯಾರು ಬೈದ್ರು, ಅವ್ವ ಫೋನಿನ್ಯಾಗ ಏನಂದ್ಲು, ಎಲ್ಲಾ ಕುಂದಾಗ ವರದಿ. ನನಗ ಹೇಳತಿದ್ದಿಲ್ಲ. ಅಂವಗ ಹೇಳತಿದ್ಲು, ನಾನು ಅಡಗಿಮನ್ಯಾಗ ರೊಟ್ಟಿ ಬಡಕೋತ ಕೇಳತಿದ್ದೆ.

ಇಂಥಾ ಹುಡುಗಿ ಹೊಸಾ ಮೀನ ಕಂಡಕೂಡಲೇ ಏನು ಮಾಡಬೇಕು? ಓಡಿ ಹೋಗಿ ಟ್ಯಾಂಕಿನ್ಯಾಗ ಬಿಡಬೇಕು. ಹೌದಲ್ಲೋ? ಈಕಿ ಅಜ್ಜಿಗೆ ಒಂದು ಮುದ್ದು ಕೊಟ್ಲು, "ಥ್ಯಾಂಕ್ಯೂ ಬೀಡಿ ಆಯಿ" ಅಂದ್ಲು, ಚೀಲಾ ಹಿಡಕೊಂಡು ಸೀದಾ ಬಚ್ಚಲಕ್ಕ ನಡದ್ಲು.

ನಾನು ಹಿಂದ ಹೋದೆ. ಅವ್ವ ಫೋನಿನ್ಯಾಗ ಮೀನಿನ ಸುದ್ದಿ ಮದಲ ಹೇಳಿದ್ದಕ್ಕ ಈಕಿ, ನಾನು ಅರಬಿ ನೆನೆ ಇಡೂ ನೀಲಿ ಟಬ್ಬು ತೊಳದು, ನೀರು ತುಂಬಿಸಿ, ಗಾಳಿ ಬಿಡೂ ಸಣ್ಣ ಮಶೀನು ಹಚ್ಚಿ ತಯಾರ ಇಟ್ಟಿದ್ಲು. ಅದಕ್ಕ ಮೀನ ಹಿಡಿಯೂ ಬ್ಯಾರೆ ಜಾಳಿಗಿ. ಬ್ಯಾರೆ ಮಗ್ಗು. ಚೀಲಾ ಟಬ್ಬಿನ್ಯಾಗ ತೇಲಿ ಬಿಟ್ಟು ಕುಂತ್ಲು.

"ಇಲ್ಲ್ಯಾಕ ಅವ್ವಿ? ಟ್ಯಾಂಕಿನ್ಯಾಗ ಬಿಡು."

"ಇಲ್ಲ ಆಯಿ. ಕ್ವಾರಂಟೈನ್."

ಆ ಶಬ್ದ ಕೊರೋನಾ ಕಾಲದಾಗ ಬಂದು ಹೋತು ಅಂತ ತಿಳದಿದ್ದೆ. ಇನ್ನೂ ನಮ್ಮ ಬಚ್ಚಲದಾಗ ಉಳದೈತಿ!

"ಹೊಸಾ ಮೀನಿಗೆ ಏನರ ರೋಗ ಇದ್ರ ಈಗ ಕಾಣೂದಿಲ್ಲ. ಎರಡ ಮೂರ ವಾರಾ ಬ್ಯಾರೆ ಇಟ್ಟು ನೋಡಬೇಕು. ಚೊಲೋ ಇದ್ರ ಕುಂದಾನ ಜೋಡಿ ಬಿಡೂದು. ಈ ಜಾಳಿಗಿ ಆ ಟ್ಯಾಂಕಿಗೆ ಮುಟ್ಟಸಬ್ಯಾಡ, ಹಾಂ?"

"ಸಾವಕಾಶ ಮಾತಾಡ! ಬೀಗರ ಮೀನಿಗೆ ರೋಗ ಅಂತೀಯೇನ? ಬೀಡಿ ಆಯಿ ಹೊರಗ ಚಹಾ ಕುಡಿಯಾಕ ಹತ್ಯಾರ!"

"ಬೀಡಿ ಆಯಿಗೆ ಅಲ್ಲ, ಮೀನಿಗೆ ಅಂದೆ."

ಅಷ್ಟರಾಗ ಶಾಂತಕ್ಕ ಎದ್ರು. "ಅಕ್ಕಾರ, ಬಚ್ಚಲ ಖಾಲಿ ಐತೇನ್ರಿ? ಕೈಕಾಲು ಮಾರಿ ತೊಳಕೋತೀನಿ."

ನಾನು ಬಾಗಲಾ ಎಳಕೊಂಡು ಅಡ್ಡ ನಿಂತೆ. "ನಮ್ಮ ಬಚ್ಚಲದಾಗ ನೀರ ಬಂದಿಲ್ರಿ. ಬಾಜೂ ಮನಿಗೆ ಬರ್ರಿ" ಅಂತ ವಂದನಾತಾಯಿ ಮನಿಗೆ ಕರಕೊಂಡು ಹೋದೆ.

ಬೀಗರ ಮೀನಿನ ಮರ್ಯಾದಿ ಉಳಸಾಕ ಖುದ್ದ ಬೀಗತೀನ ಬಾಜೂ ಮನಿ ಬಚ್ಚಲಕ್ಕ ಕಳಿಸಿದೆ. ಆವಾಗ ಅದು ನನಗ ಭಾಳ ಶಾಣ್ಯಾತನದ ಕೆಲಸ ಅನಿಸಿತ್ತು.

ಅವರು ಊರಿಗೆ ಹೋದ ಮ್ಯಾಲೆ ನಾನು ಮೊಮ್ಮಗಳಿಗೆ ಪ್ರವಚನ ಚಾಲೂ ಮಾಡಿದೆ. ನಮ್ಮದು ಶರಣರ ಹಾದಿ. ನಮ್ಮ ಮನ್ಯಾಗ ಮಡಿ ಇಲ್ಲ, ಮೈಲಿಗಿ ಇಲ್ಲ, ಸೂತಕ ಇಲ್ಲ. ಬಾಣಂತೀನ ನಾವು ಮೂಲ್ಯಾಗ ಕುಂದರಸಂಗಿಲ್ಲ. ಮುಟ್ಟಾದಾಕಿನ್ನ ಹೊರಗ ಕುಂದರಸಂಗಿಲ್ಲ. ಬಂದವರನ್ನ ಬ್ಯಾರೆ ಚಂಬು, ಬ್ಯಾರೆ ತಾಟು ಅಂತ ದೂರ ಇಡೂದು ನಮ್ಮ ರಕ್ತದಾಗ ಇಲ್ಲ. ಅಂಥಾದ್ರಾಗ ನೀನು ಮೀನಿಗೆ ಬ್ಯಾರೆ ಮಗ್ಗು ಮಾಡೀಯಲ್ಲ!

ತನ್ವಿ ಎಲ್ಲಾ ಕೇಳಿದ್ಲು. ಆಮ್ಯಾಲೆ ಕೇಳಿದ್ಲು, "ಆಯಿ, ಶರಣರು ಮೀನ ಸಾಕಿದ್ರೇನ?"

ಉತ್ತರ ಇಲ್ಲದಾಗ ಹಿರೇರು ಏನು ಮಾಡತಾರ? "ಬಾಯಿ ಭಾಳ ಆತು ನಿಂದು" ಅಂತಾರ. ನಾನೂ ಅಂದೆ.

ಮರುದಿನಾ ಓಣಿ ಹೆಣ್ಮಕ್ಕಳು ಆಯೇರಿ ನೋಡಾಕ ಬಂದ್ರು. ತೊಟ್ಟಿಲು ತೂಗಿ ನೋಡಿದ್ರು. ಉಡದಾರ ಕೈಯಾಗ ಹಿಡದು ತೂಕ ಅಂದಾಜು ಮಾಡಿದ್ರು. ಉಂಡಿ ತಿಂದ್ರು, "ಅಂಟು ಜಾಸ್ತಿ ಹಾಕ್ಯಾರ, ಚೊಲೋ ಆಗೇತಿ" ಅಂದ್ರು. ವಂದನಾತಾಯಿ ಟ್ಯಾಂಕಿನ ಮುಂದ ಬಗ್ಗಿ, "ಬೀಗರು ಮೀನ ತಂದಾರಂತಲ್ಲ, ಎಲ್ಲಿ ಅದಾವ್ರಿ? ಇದು ಹಳೇ ಕುಂದಾ" ಅಂದ್ರು.

"ಒಳಗ ಅದಾವ."

"ಒಳಗಂದ್ರ?"

"ಒಳಗಂದ್ರ ಒಳಗ್ರಿ."

ವಂದನಾತಾಯಿಯವರ ಹುಬ್ಬು ಅಷ್ಟ ಮ್ಯಾಲೆ ಹೋತು. ನಮ್ಮ ಓಣ್ಯಾಗ ಹುಬ್ಬು ಮ್ಯಾಲೆ ಹೋದ್ರ ಸಂಜೀ ಆಗೂದರಾಗ ಸುದ್ದಿ ಆಗತೈತಿ.

ಸಂಜೀಕ ಶಾಂತಕ್ಕನವರ ಫೋನು. ಕೂಸು ಹೆಂಗೈತಿ, ಸವಿತಾ ಉಂಡಾಳೇನು ಅಂತ ಕೇಳಿ, "ಮೀನ ಹೆಂಗ ಅದಾವ್ರಿ ಅಕ್ಕಾರ?" ಅಂದ್ರು.

"ಅಯ್ಯ, ಕುಂದಾನ ಜೋಡಿ ಆಡೂದ ಆಡೂದು!" ಅಂದೆ. ಸುಳ್ಳು ನನ್ನ ಬಾಯಾಗ ತಯಾರ ಇತ್ತೇನೋ ಅನ್ನೂ ಹಂಗ ಹೊರಗ ಬಂತು.

"ಹೌದೇನು? ಮುಂದಿನ ವಾರಾ ನನ್ನ ನೆಗೆಣ್ಣಿಯವರನ್ನ ಕರಕೊಂಡು ಬರತೀನಿ. ಅವರೂ ಕೂಸಿನ್ನ ನೋಡತಾರ, ಮೀನೂ ನೋಡತಾರ."

ಆ ವಾರಾ ನನಗ ಊಟ ರುಚಿ ಹತ್ತಲಿಲ್ಲ. ಬಚ್ಚಲಕ್ಕ ಹೋದಾಗೊಮ್ಮೆ ಆ ಮೀನು ನನ್ನ ನೋಡತಿದ್ವು. ಬೀಗತಿಯ ವಾರಗಿತ್ತಿ ಆ ನೆಗೆಣ್ಣಿ ಮುಂದ ಅವರ ಆಯೇರಿ ಅರಬಿ ಟಬ್ಬಿನ್ಯಾಗ! ಊರಿಗೆ ಹೋಗಿ ಏನಂದಾರು? ಸವಿತಾನ ತವರಿಗೆ ನಾವು ಕೊಟ್ಟ ಕಿಮ್ಮತ್ತು ಇಷ್ಟ ಏನು ಅನ್ನಂಗಿಲ್ಲೇನು?

ಅವರು ಬರೂ ದಿನಾ ತನ್ವಿ ಸಾಲಿಗೆ ಹೋದ್ಲು. ಸವಿತಾ ಕೂಸಿಗೆ ಎಣ್ಣಿ ಹಚ್ಚಾಕ ಕುಂತ್ಲು. ನಾನು ಚಹಾದ ಸೋಸಣಿಗಿ ತಗೊಂಡು ಬಚ್ಚಲಕ್ಕ ಹೋದೆ.

(ಮೀನ ಹಿಡಿಯೂದು ಸಸಾರ ಅಂತ ತಿಳಕೋಬ್ಯಾಡ್ರಿ. ನನ್ನ ಸೀರಿ ಪೂರಾ ತೊಯ್ಸಿದ್ವು. ಒಂದಂತೂ ನೆಲಕ್ಕ ಬಿದ್ದು ಸಾಬಾಣದ ಹಂಗ ಜಾರಿ ಮೋರಿ ತನಕ ಹೋಗಿತ್ತು. ಕೈಮುಗದು ಎತ್ತಿಕೊಂಡೆ.)

ಎಲ್ಲಾವೂ ಟ್ಯಾಂಕಿಗೆ ಬಿದ್ವು. ಕುಂದಾ ಒಮ್ಮೆ ಹಿಂದ ಸರದ, ಆಮ್ಯಾಲೆ ಹತ್ತಿರ ಬಂದು ಮೂಸಿ ನೋಡಿದ. ಕೆಂಪು, ಬಿಳಿ, ಕುಂದಾ ಬಣ್ಣಾ. ಟ್ಯಾಂಕು ಲಗ್ನದ ಮನಿ ಕಂಡಂಗ ಕಂಡಿತು. ಇದಕ್ಕ ಯಾಕ ಇಷ್ಟ ದಿನಾ ಕಾಯಬೇಕಿತ್ತು ಅನಿಸಿತು.

ಬೀಗರು ಬಂದ್ರು. ನೋಡಿದ್ರು. ನೆಗೆಣ್ಣಿಯವರು ಮೊಬೈಲಿನ್ಯಾಗ ಫೋಟೋ ಹೊಡಕೊಂಡ್ರು. ಶಾಂತಕ್ಕನ ಮಾರಿ ಮ್ಯಾಲೆ ಬೆಳಕು ಬಿತ್ತು. ನಾನು ಹೋಳಿಗಿ ನೀಡಿದೆ, ಮ್ಯಾಲೆ ಕೈ ತುಂಬ ತುಪ್ಪ ಸುರದೆ. ಎಲ್ಲಾರ ಮಾನಾ ಉಳೀತು.

ತನ್ವಿ ಬಂದಾಗ ಅವರು ಇನ್ನೂ ಕುಂತಿದ್ರು. ಬೆನ್ನಮ್ಯಾಲಿನ ಚೀಲಾ ಹಂಗ ಇತ್ತು. ಟ್ಯಾಂಕ್ ನೋಡಿದ್ಲು. ನನ್ನ ನೋಡಿದ್ಲು. ಬೀಡಿ ಆಯಿನ್ನ ನೋಡಿದ್ಲು. ತುಟಿ ಒತ್ತಿ ಹಿಡಕೊಂಡು ಹೋಗಿ ಬೀಡಿ ಆಯಿ ಬಾಜೂಕ ಕುಂತು ಹೋಳಿಗಿ ತಿಂದ್ಲು. ಮರ್ಯಾದಿ ಕಾಯೂದು ಅಂದ್ರ ಹೆಂಗ ಅನ್ನೂದು ನನಗಿಂತ ಆಕಿಗೆ ಚೊಲೋ ಗೊತ್ತಿತ್ತು.

ಗಾಡಿ ಓಣಿ ದಾಟಿದ ಮ್ಯಾಲೆ ಕೇಳಿದ್ಲು.

"ಯಾವ ಜಾಳಿಗಿಲೆ ಹಿಡದಿ?"

"ಚಹಾದ ಸೋಸಣಿಗಿಲೆ."

"ನನ್ನ ಕೇಳದ ಯಾಕ ಬಿಟ್ಟಿ ಆಯಿ?"

ಕಾರಣ ನೂರು ಇದ್ವು. ಬೀಗರು, ನೆಗೆಣ್ಣಿ, ಓಣಿ, ಹುಬ್ಬು, ಶರಣರು. ಹತ್ತು ವರ್ಷದ ಹುಡುಗಿ ಮಾರಿ ನೋಡಿಕೋತ ಒಂದೂ ಹೇಳಾಕ ಬರಲಿಲ್ಲ.

ಒಂದಿಷ್ಟು ದಿನಾ ಏನೂ ಆಗಲಿಲ್ಲ. ನಾನು ಒಳಗೊಳಗ ಹಿಗ್ಗಿದೆ. ನೋಡು, ಹಳೇ ಮಂದಿ ಅಂದಾಜು ತಪ್ಪಂಗಿಲ್ಲ.

ಆಮ್ಯಾಲೆ ಒಂದು ಮುಂಜಾನೆ ಹೊಸಾ ಬಿಳೀ ಮೀನಿನ ರೆಕ್ಕಿ ಮ್ಯಾಲೆ ಸಣ್ಣ ಸಣ್ಣ ಚುಕ್ಕಿ ಕಂಡ್ವು. ಯಾರೋ ಮ್ಯಾಲಿಂದ ರವಾ ಉದರಿಸಿದಂಗ. ಮರುದಿನಾ ಕುಂದಾನ ಬಾಲದ ಮ್ಯಾಲೂ ಅದ ರವಾ. ಅಂವ ತಳದ ಹರಳಿಗೆ ಮೈ ತಿಕ್ಕಾಕ ಹತ್ತಿದ. ಕಾಳು ಹಾಕಿದ್ರ ಮ್ಯಾಲೆ ಬರಲಿಲ್ಲ. ಮೂಲ್ಯಾಗ ಹೋಗಿ ನಿಂತ.

ತನ್ವಿ ಅಳಲಿಲ್ಲ. ಅತ್ತಿದ್ರ ನನಗ ಎಷ್ಟೋ ಹಗರ ಆಗತಿತ್ತು. ಟ್ಯಾಂಕಿನ ಮುಂದ ಕುಂತ್ಲು, ಆದ್ರ ಸಾಲಿ ವರದಿ ಬಂದ್ ಆತು. ಮನ್ಯಾಗ ಕೂಸಿನ ಅಳೂ ಸಪ್ಪಳ ಒಂದ ಉಳೀತು. ತೊಟ್ಟಿಲು ತೂಗಿಕೋತ ನಾನು ಅಂದೆ, "ಬಾ ಅವ್ವಿ, ತಮ್ಮನ್ನ ತೂಗು."

"ನನಗ ಬ್ಯಾಡ" ಅಂದ್ಲು.

ಆ ಎರಡು ಶಬ್ದಕ್ಕ ನಾನು ಅಂಜಿದೆ. ಕುಂದಾ ಹೋದ ಅಂದ್ರ ಬರೇ ಒಂದು ಮೀನು ಹೋದಂಗ ಅಲ್ಲ. ತಮ್ಮ ಬಂದ, ತಮ್ಮನ ಆಯೇರಿ ಜೋಡಿ ರೋಗ ಬಂತು, ನನ್ನ ಕುಂದಾ ಹೋದ. ಹುಡುಗಿ ಮನಸ್ಸಿನ್ಯಾಗ ಈ ಹೊಲಗಿ ಬಿತ್ತಂದ್ರ ಯಾರು ಬಿಚ್ಚೂವರು?

ಮಗ ಉದ್ಯಮಬಾಗದ ಫೌಂಡ್ರಿಯಿಂದ ಬರೂವಾಗ ಔಷಧಾ ತಂದ. ನೀರು ಬೆಚ್ಚಗ ಮಾಡೂ ಹೀಟರ್ ತಂದ. ಎಲ್ಲಾ ತನ್ವಿ ಹೇಳಿದಂಗ. ಆಕಿ ಮೊಬೈಲ್ ನೋಡಿ ಹೇಳತಿದ್ಲು, ನಾವು ಮಾಡತಿದ್ವಿ. ಹಳೇ ನೀರು ಒಂದಿಷ್ಟು ತಗೀಬೇಕು, ಒಂದು ದಿನಾ ಮದಲ ತುಂಬಿಸಿಟ್ಟ ನೀರು ಹಾಕಬೇಕು, ನಳದ್ದು ಸೀದಾ ಹಾಕಬಾರದು. ಬಕೀಟ್ ಹೊರೂ ಕೆಲಸ ನಾನ ತಗೊಂಡೆ. ಸೊಂಟ ಹಿಡೀತು. ಆದ್ರೂ ಹೊತ್ತೆ. ಔಷಧಾ ಹಾಕಿದ ಮ್ಯಾಲೆ ಟ್ಯಾಂಕು ನೀಲಿ ಆತು, ಅದರಾಗ ಕುಂದಾ ಒಂದು ಕಂದು ನೆರಳು.

ಅಂಥಾದ್ರಾಗ ಫೋನು ಬಂತು. ನನ್ನ ಕೈ ಒದ್ದಿ ಇದ್ವು, ತನ್ವಿ ಎತ್ತಿದ್ಲು.

"ಬೀಡಿ ಆಯಿ, ನೀ ಕೊಟ್ಟ ಮೀನಿಗೆ ರೋಗ ಇತ್ತು. ಕುಂದಾಗ ಹತ್ತೇತಿ. ನಾ ಬ್ಯಾರೆ ಇಟ್ಟಿದ್ದೆ, ನೀ ಬರತೀ ಅಂತ ಆಯಿ ಟ್ಯಾಂಕಿಗೆ ಬಿಟ್ಟಾಳ."

ಮುಗೀತು. ಭೂಮಿ ಬಾಯಿ ಬಿಟ್ರ ಬಕೀಟ್ ಸಮೇತ ಇಳದುಬಿಡತಿದ್ದೆ. ತನ್ವಿ ಫೋನ್ ನನ್ನ ಕಿವಿಗೆ ಹಿಡದ್ಲು.

ಆ ಕಡಿಂದ ಶಾಂತಕ್ಕ ಕೇಳಿದ್ರು, "ಖರೇನ್ರಿ ಅಕ್ಕಾರ?"

"ಖರೇರಿ. ನೀವು ತಂದದ್ದನ್ನ ಬಚ್ಚಲದಾಗ ಇಡೂದು ಹೆಂಗ ಅಂತ..."

"ಅಲ್ರೀ, ದನದ ಸಂತಿಯಿಂದ ಹೊಸಾ ಎಮ್ಮಿ ತಂದ್ರ ನಾವೂ ಬ್ಯಾರೇನ ಕಟ್ಟತೀವಿ. ನನ್ನ ಸ್ವಂತ ಅಣ್ಣನ ಮನಿ ಎಮ್ಮಿ ಆದ್ರೂ ಅಷ್ಟ. ನಮ್ಮ ಹಟ್ಟಿ ಎಮ್ಮಿ ಜೋಡಿ ಸೀದಾ ಕಟ್ಟಂಗಿಲ್ಲ. ಅದಕ್ಕ ನಮ್ಮಣ್ಣ ಏನ್ ಸಿಟ್ಟ ಆಗತಾನೇನು? ನಮ್ಮ ಮರ್ಯಾದಿ ಒಂದು ಟಬ್ಬಿನ್ಯಾಗ ಮುಳಗೂವಷ್ಟ ಸಣ್ಣದು ಅಂತ ತಿಳದಿದ್ರೇನು?"

ನಾನು ಬಕೀಟ್ ಕೆಳಗ ಇಟ್ಟೆ.

"ಸಿಟ್ಟು ಬಂದಿತ್ತು, ಇಲ್ಲ ಅನ್ನಂಗಿಲ್ಲ" ಅಂದ್ರು ಶಾಂತಕ್ಕ. "ಕೂಸಿನ್ನ ಕರಕೊಂಡು ಮದಲ ಸಲಾ ಬಂದ ಬೀಗತಿಗೆ ಕೈಕಾಲು ತೊಳಿಯಾಕ ಬಾಜೂ ಮನಿಗೆ ಕಳಿಸಿದ್ರಲ್ಲ, ಅದಕ್ಕ. ದಾರಿ ತುಂಬ ನಾನು ಅದನ್ನ ಅಂದುಕೋತ ಹೋದೆ, ಇವರ ಬಚ್ಚಲದಾಗ ಅಂಥಾದ್ದು ಏನೈತಿ ಅಂತ!"

ನಗೂದೋ ಅಳೂದೋ? ಇಬ್ಬರೂ ನಕ್ವಿ. ನಕ್ಕು ನಕ್ಕು ನನ್ನ ಕಣ್ಣಾಗ ನೀರು ಬಂತು. ತನ್ವಿ ಫೋನ್ ಕಸಕೊಂಡು, "ಬೀಡಿ ಆಯಿ, ಕುಂದಾ ಉಳೀತಾನ?" ಅಂದ್ಲು. ಆಗ ಇಬ್ಬರ ನಗೂನೂ ನಿಂತಿತು.

"ಗೊತ್ತಿಲ್ಲ ಅವ್ವಿ. ನೀ ಮಾಡೂದು ಮಾಡು" ಅಂದ್ರು. ಅವರು ನನಗಿಂತ ಚೊಲೋ. ಸುಳ್ಳು ಹೇಳಲಿಲ್ಲ.

ಬಿಳೀ ಮೀನು ಉಳೀಲಿಲ್ಲ. ಹಿತ್ತಲದಾಗ ಮಲ್ಲಿಗಿ ಬುಡಕ್ಕ ಹುಗದ್ವಿ. ಕುಂದಾ ಮೂಲಿ ಬಿಡಲಿಲ್ಲ. ನಾನು ಮುಂಜಾನೆ ಎದ್ದಕೂಡಲೇ ಲಿಂಗಪೂಜಿಗೆ ಕುಂದರೂ ಮದಲ ಟ್ಯಾಂಕ್ ನೋಡತಿದ್ದೆ. (ದೇವರಿಗೆ ಸಿಟ್ಟ ಬರಂಗಿಲ್ಲ ಅಂತ ಧೈರ್ಯ ಮಾಡಿದ್ದೆ.)

ಹೋದ ರವಿವಾರ ನಾನು ಹಿಟ್ಟು ನಾದಾಕ ಹತ್ತಿದ್ದೆ. ಪಡಸಾಲಿಯಿಂದ ತನ್ವಿ ಕಿರಚಿದ್ಲು, "ಆಯೀ!"

ಹಿಟ್ಟಿನ ಕೈಲೇ ಓಡಿದೆ. ಕುಂದಾ ಮ್ಯಾಲೆ ಬಂದಿದ್ದ. ಬಾಲದ ಮ್ಯಾಲಿನ ರವಾ ಹೋಗಿತ್ತು. ಅಂವ ತನ್ವಿಯ ಬೆರಳಿನ ತುದಿಯಿಂದ ಕಾಳು ತಗೊಂಡು, ನುಂಗಿ, ಬಾಯಿ ತಗದು ಮತ್ತ ಬೇಡಿದ. ನನಗ ಮೊಮ್ಮಗ ಹುಟ್ಟಿದ ಸುದ್ದಿ ಬಂದ ದಿನಾನೂ ನಾನು ಅಷ್ಟ ಜೋರಾಗಿ ಕೂಗಿರಲಿಲ್ಲ. ವಂದನಾತಾಯಿ ಓಡಿ ಬಂದ್ರು. "ಏನಾತ್ರಿ?"

"ಕುಂದಾ ಉಂಡ!"

"ಮತ್ತ ಕೊಡ್ರಿ ನಮಗೂ ಸ್ವಲ್ಪ" ಅಂದ್ರು, ತಿನ್ನೂ ಕುಂದಾ ಅನ್ನೂ ಹಂಗ ಚ್ಯಾಷ್ಟಿ ಮಾಡಿ. ಕೊಟ್ಟೆ. ಡಬ್ಬ್ಯಾಗಿನ ಅಂಟಿನ ಉಂಡಿ ಕೊಟ್ಟೆ, ಇಡೀ ಓಣಿಗೆ ಕೊಟ್ಟೆ.

ತೊಟ್ಟಿಲದಾಗ ಕೂಸು ನಮ್ಮ ಗದ್ದಲಕ್ಕ ಎದ್ದು ಅಳಾಕ ಹತ್ತಿತು. ತನ್ವಿ ತಾನಾಗೇ ಎದ್ಲು. ಬಚ್ಚಲಕ್ಕ ಹೋಗಿ ಮೀನಿನ ಕೈ ಸಾಬಾಣ ಹಚ್ಚಿ ಮೊಣಕೈತನಕ ತೊಳದ್ಲು. ಬಂದು ತೊಟ್ಟಿಲ ಹಗ್ಗಾ ಹಿಡದ್ಲು.

"ನೋಡಪಾ ತಮ್ಮಾ," ಅಂದ್ಲು, "ಇವತ್ತ ಏನಾತಂದ್ರ..."

ನಾನು ಹಿಟ್ಟಿಗೆ ಹೊಳ್ಳಿ ಬಂದೆ. ನಾದಿಕೋತ ಯೋಚನಿ ಮಾಡಿದೆ. ಲಗ್ನದಾಗ ಯಾರನ್ನ ಮುಂದಿನ ಕುರ್ಚಿಗೆ ಕುಂದರಸಲಿಲ್ಲ ಅಂತ, ಲಗ್ನಪತ್ರ ವಾಟ್ಸಾಪಿನ್ಯಾಗ ಕಳಿಸಿದ್ರ ಅವರಿಗೆ ಏನನಸತೈತೋ ಅಂತ, ಡಾಕ್ಟರು ಕೂಸಿನ್ನ ಮುಟ್ಟಬ್ಯಾಡ್ರಿ ಅಂದ್ರೂ ಬಂದವರ ಕೈಗೆ ಕೊಡದಿದ್ರ ಹೆಂಗ ಅಂತ, ನಾವು ಎಷ್ಟು ಮಂದಿ ಪರವಾಗಿ ಎಷ್ಟು ಸಲಾ ಮುಂಚಿತವಾಗಿ ನೊಂದುಕೊಂಡೇವಿ! ಒಬ್ಬರನ್ನರ ಕೇಳೇವೇನು, ನಿಮಗ ಖರೇನ ನೋವಾತೇನ್ರಿ ಅಂತ?

ಯಾರಿಗೂ ಬಾರದ ಸಿಟ್ಟಿಗೆ ಹೆದರಿ ನಾವು ಮನ್ಯಾಗಿನ ಯಾರ್ಯಾರನ್ನ ಮೂಲಿಗೆ ನೂಕೇವಿ, ಒಮ್ಮೆ ತಿರಗಿ ನೋಡೂಣೇನ್ರಿ?